ಊಟ ನೋಟದ ಎರಡು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಸುತ್ತಿದ ದೇಶದಲ್ಲಿ ಏನನ್ನು ಉಣ್ಣಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಹೇಳುವ ಅವಶ್ಯಕತೆ ಅವರಿಗೆ ತೋರಿರಲಾರದು. ಅಂದಿನ ಪ್ರಯಾಣಿಕನು ಯಾವ ಊರಿಗೆ ಹೋದರೆ ಆ ಊರಿನ ಅಕ್ಕಿ, ಆ ಊರಿನ ಸೊಪ್ಪು, ಆ ಊರಿನ ನೀರು ಅವನಿಗೆ ಒದಗುತ್ತಿದ್ದವು. ಬೇರೆಯದು ಬೇಕೆಂದರೂ ಸಿಕ್ಕುತ್ತಿರಲಿಲ್ಲ. ಇಂದು ಹಾಗಿಲ್ಲ. ಬೆಂಗಳೂರಿನಲ್ಲಿ ಮಸಾಲೆದೋಸೆಯನ್ನು ತಿಂದು ಹೊರಟವನು ಇನ್ನೂರು ಮೈಲಿ ಹೋಗಿ, ಅಲ್ಲಿಯೂ ಅದೇ ಮಸಾಲೆದೋಸೆಯನ್ನೇ ತಿಂದು, ಒಂದು ದೇವಾಲಯವನ್ನೂ ಒಂದು ಜಲಪಾತವನ್ನೂ ನೋಡಿಕೊಂಡು ಭಾನುವಾರ ರಾತ್ರಿಗೆ ಮನೆ ಸೇರಬಹುದು. ಕಣ್ಣು ಪ್ರವಾಸ ಮಾಡಿತು. ನಾಲಗೆ ಮನೆಯಲ್ಲಿಯೇ ಉಳಿಯಿತು.

ವಾರದ ಕೊನೆಯಲ್ಲಿ ಎರಡು ದಿನ ಬಿಡುವುಳ್ಳ ನಗರವಾಸಿಗಳಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳನ್ನು ಪರಿಚಯ ಮಾಡಿಕೊಡುವುದು ಈ ಭಾಷಣದ ಉದ್ದೇಶ. ಮೂರೂ ಶಿವಮೊಗ್ಗ ಜಿಲ್ಲೆಗೆ ಸೇರಿದವು. ಮೂರೂ ಮಳೆಯ ಸೀಮೆಗಳು. ಆಗುಂಬೆ, ಹುಲಿಕಲ್ಲುಗಳೆಂಬ ಮಳೆಯ ತೌರುಮನೆಗಳು ಇಲ್ಲಿಯೇ ಇವೆ. ಈ ಸೀಮೆಯಲ್ಲಿ ನೋಡುವುದು ಬೇರೆ, ಉಣ್ಣುವುದು ಬೇರೆ ಎಂದು ತಿಳಿದರೆ ಎರಡೂ ಅರ್ಧವಾಗುವುವು. ಜಲಪಾತವನ್ನು ಮಾಡಿದ ಮಳೆಯೇ ಎಲೆಯ ತುದಿಯ ಉಪ್ಪಿನಕಾಯಿಯನ್ನೂ ಮಾಡಿದೆ. ಈ ಸಂಬಂಧವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡೋಣ.

ಶುಕ್ರವಾರ ರಾತ್ರಿ ತಾಳಗುಪ್ಪಕ್ಕೆ ಹೋಗುವ ರೈಲುಗಾಡಿಯನ್ನು ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಾಗರದಲ್ಲಿ ಇಳಿಯಬಹುದು. ಅಡಕೆಯ ವ್ಯಾಪಾರಕ್ಕೂ ಶ್ರೀಗಂಧದ ಕೆತ್ತನೆಗೂ ಹೆಸರಾದ ಊರು ಇದು. ಗುಡಿಗಾರರ ಉಳಿಯ ಕೆಲಸವನ್ನು ನೋಡಲು ಅರ್ಧ ಗಂಟೆ ಮೀಸಲಿಡತಕ್ಕುದು. ಬಳಿಕ ಇಕ್ಕೇರಿಗೆ ಹೋಗಬೇಕು. ಕೆಳದಿಯ ನಾಯಕರು ಹದಿನಾರನೆಯ ಶತಮಾನದಲ್ಲಿ ತಮ್ಮ ರಾಜಧಾನಿಯನ್ನು ಕೆಳದಿಯಿಂದ ಇಲ್ಲಿಗೆ ತಂದರು. ಅಂದಿನ ಪಟ್ಟಣದಲ್ಲಿ ಇಂದು ಪ್ರಧಾನವಾಗಿ ಉಳಿದಿರುವುದು ಅಘೋರೇಶ್ವರನ ದೇವಾಲಯ. ಕಗ್ಗಲ್ಲಿನ ಈ ಗುಡಿಯ ಗಾಂಭೀರ್ಯ ಬೇಲೂರು ಹಳೆಯಬೀಡುಗಳ ಸೂಕ್ಷ್ಮ ಶಿಲ್ಪವನ್ನು ಕಂಡ ಕಣ್ಣಿಗೆ ಮೊದಲು ಒರಟೆಂದು ತೋರಬಹುದು. ಸ್ವಲ್ಪ ಹೊತ್ತು ನಿಂತರೆ ಇದರ ಬಲ ತಿಳಿಯುತ್ತದೆ. ಒಳಗೆ ನೆಲದ ಮೇಲೆ ಮೂವರು ನಾಯಕರು ಸಾಷ್ಟಾಂಗವೆರಗಿದ ಆಕೃತಿಗಳನ್ನು ಕೊರೆದಿದ್ದಾರೆ. ಸಿಂಹಾಸನದ ಮೇಲೆ ಕುಳಿತಂತೆ ತಮ್ಮನ್ನು ಕೆತ್ತಿಸಿಕೊಳ್ಳಲು ಶಕ್ತರಾಗಿದ್ದವರು ನೆಲದ ಮೇಲೆ ಮಲಗಿದಂತೆ ಕೆತ್ತಿಸಿಕೊಂಡರು.

ಇಕ್ಕೇರಿಗೆ ನಮಗಿಂತ ನಾಲ್ಕು ಶತಮಾನ ಮೊದಲೇ ಒಬ್ಬ ಪ್ರವಾಸಿಯು ಬಂದಿದ್ದನು. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬಾತನು 1623ರಲ್ಲಿ, ಗೋವೆಯಿಂದ ವೆಂಕಟಪ್ಪನಾಯಕನ ಬಳಿಗೆ ಹೊರಟ ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ, ಘಟ್ಟವನ್ನು ಹತ್ತಿ ಬಂದನು. ದಾರಿಯಲ್ಲಿ ಒಂದು ಗುಡಿಯ ಮೊಗಸಾಲೆಯೊಳಗೆ ಹುಡುಗರು ನೆಲದ ಮರಳಿನ ಮೇಲೆ ಬರೆದು, ರಾಗವಾಗಿ ಹೇಳಿಕೊಂಡು, ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಅದನ್ನು ತನ್ನ ಪತ್ರದಲ್ಲಿ ಬರೆದಿಟ್ಟನು. ಅರಸನ ವೈಭವದ ಜೊತೆಗೆ ಮರಳಿನ ಮೇಲಿನ ಲೆಕ್ಕವನ್ನೂ ಕಂಡ ಆ ಕಣ್ಣು ಪ್ರವಾಸಿಗನಿಗೆ ಬೇಕಾದ ಕಣ್ಣು. ಇಕ್ಕೇರಿಯಿಂದ ಕೆಳದಿಯೂ ದೂರವಲ್ಲ. ಅಲ್ಲಿಯ ರಾಮೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ಕೊರೆದಿರುವ ಗಂಡಭೇರುಂಡವನ್ನು ಕತ್ತೆತ್ತಿ ನೋಡಿ, ಹಸಿವು ತಿಳಿಯತೊಡಗಿದೊಡನೆ ಊಟಕ್ಕೆ ಹೊರಡತಕ್ಕುದು.

ಈ ಸೀಮೆಯ ನಿಜವಾದ ಊಟ ದೊಡ್ಡ ಹೋಟಲುಗಳಲ್ಲಿ ದೊರೆಯುವುದು ಅಪರೂಪ. ಅತಿಥಿಗಳನ್ನು ಮನೆಯಲ್ಲಿಯೇ ಇಳಿಸಿಕೊಳ್ಳುವ ಹೋಂಸ್ಟೇ ಎಂಬ ಪದ್ಧತಿ ಈಚಿನ ವರುಷಗಳಲ್ಲಿ ಇಲ್ಲಿ ಹಬ್ಬಿರುವುದರಿಂದ, ಅಡಕೆಯ ತೋಟದ ನಡುವಣ ಹಂಚಿನ ಮನೆಯಲ್ಲಿ ಎಲೆಯ ಮುಂದೆ ಕೂಡುವ ಭಾಗ್ಯ ಅಪರಿಚಿತರಿಗೂ ಸಾಧ್ಯವಾಗಿದೆ. ಹೊಸಿಲು ದಾಟುತ್ತಲೇ ಮನೆಯವರು ಕೇಳುವ ಮಾತು, “ಆಸರಿಗೇನು ಬೇಕು?” ಎಂದು. ದಣಿವಾರಿಸಿಕೊಳ್ಳಲು ಏನು ಕುಡಿಯುವಿರಿ ಎಂಬುದು ಇದರ ಅರ್ಥ. ನೀರು ಬೆಲ್ಲವೋ ಮಜ್ಜಿಗೆಯೋ ಪಾನಕವೋ, ಏನನ್ನಾದರೂ ಕುಡಿದ ಹೊರತು ಮುಂದಿನ ಮಾತಿಲ್ಲ.

ಎಲೆಯ ಮೇಲೆ ಮೊದಲು ಗಮನಿಸತಕ್ಕುದು ತಂಬುಳಿ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆ ಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಂದಿಗೆ ಅರೆದು, ಮಜ್ಜಿಗೆಯಲ್ಲಿ ಕಲಸಿದರೆ ತಂಬುಳಿಯಾಯಿತು. ಇದನ್ನು ಕುದಿಸುವುದಿಲ್ಲ. ಹಿತ್ತಿಲಿನಲ್ಲಿ, ಬೇಲಿಯಲ್ಲಿ, ತೋಟದ ಕಾಲುವೆಯ ಅಂಚಿನಲ್ಲಿ ಬೆಳೆಯುವ ಎಷ್ಟೋ ಚಿಗುರುಗಳು ಈ ಮನೆಗಳಲ್ಲಿ ತಂಬುಳಿಯಾಗುತ್ತವೆ. ಪೇಟೆಯವನು ಕಳೆಯೆಂದು ತುಳಿದುಕೊಂಡು ಹೋದ ಗಿಡವೇ ಮಧ್ಯಾಹ್ನ ಅವನ ಅನ್ನದ ಮೇಲೆ ಬಂದು ಕುಳಿತಿರುತ್ತದೆ.

ಎರಡನೆಯದು ಅಪ್ಪೆಮಿಡಿ. ಇದು ಊಟದ ಎಲೆಯಲ್ಲಿ ಅತ್ಯಂತ ಸಣ್ಣ ಪದಾರ್ಥವಾದರೂ ಇದರ ಕಥೆ ಎಲ್ಲಕ್ಕಿಂತ ದೊಡ್ಡದು. ಅಪ್ಪೆಯೆಂಬುದು ಹೊಳೆಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಮಾವು. ಇದರ ಎಳೆಯ ಮಿಡಿಯನ್ನು ತೊಟ್ಟುಸಮೇತ ಬಿಡಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದುದು ಬಾಳುವುದಿಲ್ಲ. ತೊಟ್ಟಿನ ಬಳಿಯ ಸೊನೆಯಲ್ಲಿಯೇ ಇದರ ಸುವಾಸನೆಯೆಲ್ಲ ಅಡಗಿದೆ. ಹರಳುಪ್ಪಿನಲ್ಲಿ ಹಾಕಿಟ್ಟರೆ ಮಿಡಿಯು ತನ್ನ ನೀರನ್ನು ಬಿಟ್ಟು ಸುಕ್ಕುಗಟ್ಟುತ್ತದೆ. ಬಳಿಕ ಆ ಉಪ್ಪುನೀರಿನಲ್ಲಿಯೇ ಸಾಸಿವೆ ಮೆಣಸುಗಳ ಖಾರವನ್ನು ಬೆರೆಸಿ ಜಾಡಿಗೆ ತುಂಬುತ್ತಾರೆ. ಒಳ್ಳೆಯ ಮಿಡಿ ಎರಡು ಮೂರು ವರುಷವಾದರೂ ಕೆಡುವುದಿಲ್ಲ, ಮೆತ್ತಗಾಗುವುದೂ ಇಲ್ಲ. ಒಂದು ಮರದ ಮಿಡಿ ಜೀರಿಗೆಯಂತೆ ಕಂಪು ಬೀರಿದರೆ ಇನ್ನೊಂದು ಮರದ್ದು ಕರ್ಪೂರದಂತೆ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಎಂದು ಹೆಸರುವಾಸಿಯಾದ ಜಾತಿಗಳೇ ಉಂಟು. ಒರಟೆಯಿಂದ ಹುಟ್ಟಿದ ಸಸಿ ತಾಯಿಮರದ ಗುಣವನ್ನೇ ಪಡೆಯುವುದೆಂಬ ಭರವಸೆಯಿಲ್ಲ. ಆದುದರಿಂದ ಒಂದು ಮರ ಉರುಳಿದರೆ ಒಂದು ರುಚಿಯೇ ಲೋಕದಿಂದ ಹೋದಂತೆ. ಮಿಡಿಗಾಗಿ ಕೊಂಬೆಯನ್ನೇ ಕಡಿದುಕೊಂಡು ಹೋಗುವ ಕೆಟ್ಟ ಚಾಳಿಯಿಂದ ಹೊಳೆದಂಡೆಯ ಎಷ್ಟೋ ಮರಗಳು ಹಾಳಾದವು. ಇದನ್ನು ಕಂಡ ಇಲ್ಲಿನ ಬೇಸಾಯಗಾರರು ಉತ್ತಮವಾದ ಮರಗಳ ಕುಡಿಗಳನ್ನು ತಂದು ಕಸಿಕಟ್ಟಿ ತಮ್ಮ ತೋಟಗಳಲ್ಲಿ ಉಳಿಸಿಕೊಳ್ಳುತ್ತಿದ್ದಾರೆ. ಉಪ್ಪಿನಕಾಯಿಯನ್ನು ಕೊಳ್ಳುವವರು ಬೆಲೆಯೊಂದನ್ನೇ ವಿಚಾರಿಸದೆ, ಇದು ಯಾವ ಮರದ ಮಿಡಿ ಎಂದೂ ಕೇಳುವುದು ಒಳ್ಳೆಯದು. ಈ ಪ್ರಶ್ನೆಯನ್ನು ಕೇಳುವ ಗಿರಾಕಿಗಳು ಹೆಚ್ಚಿದಷ್ಟೂ ಮರಗಳು ಬಾಳುವುವು.

ಚಳಿಗಾಲದಲ್ಲಿ ಹೋದವರಿಗೆ ಆಲೆಮನೆಯ ಕಾಲ ಕೂಡಿಬಂದರೆ ತೊಡೆದೇವಿನ ಯೋಗವೂ ಉಂಟು. ಬೋರಲು ಹಾಕಿದ ಮಡಕೆಯನ್ನು ಕೆಳಗಿನಿಂದ ಕಾಯಿಸಿ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಯ ಹಿಟ್ಟನ್ನು ಬಟ್ಟೆಯಿಂದ ಅದರ ಮೇಲೆ ಒಮ್ಮೆ ತೊಡೆದರೆ ಕಾಗದದಂತಹ ತೆಳುವಾದ ಹಾಳೆ ಏಳುತ್ತದೆ. ನೋಡುವುದಕ್ಕೆ ಸುಲಭ, ಕೈಗೆ ಬರುವುದಕ್ಕೆ ವರುಷಗಳು ಬೇಕು.

ಊಟ ಮುಗಿಯಿತು. ಮಧ್ಯಾಹ್ನ ಜೋಗಕ್ಕೆ ಹೋಗೋಣ. ಶರಾವತಿಯು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ 830 ಅಡಿ ಕೆಳಕ್ಕೆ ಧುಮುಕುವ ದೃಶ್ಯವನ್ನು ವರ್ಣಿಸುವುದಕ್ಕೆ ಕೈಹಾಕುವುದಿಲ್ಲ. ಆ ಕೆಲಸದಲ್ಲಿ ಸೋತ ಮಹನೀಯರು ಬಹಳ ಮಂದಿ. ಒಂದು ವಿಷಯವನ್ನು ಮಾತ್ರ ಹೇಳಬೇಕಾಗಿದೆ. ಬೇಸಗೆಯಲ್ಲಿ ಜೋಗವನ್ನು ಕಂಡು, ಬಂಡೆಯ ಮೇಲೆ ಎರಡು ಎಳೆ ನೀರಿದ್ದಿತೆಂದು ದೂರುವವರು ಉಂಟು. ಉಳಿದ ನೀರು ಎಲ್ಲಿ ಹೋಯಿತೆಂದು ಅವರು ಕೇಳುವುದಿಲ್ಲ. ಅದು ಅವರ ಮನೆಗೇ ಹೋಗಿರುವುದು.

ಜೋಗದ ಮೊದಲನೆಯ ವಿದ್ಯುದಾಗಾರವು ಕೆಲಸಕ್ಕೆ ತೊಡಗಿದುದು 1948ರಲ್ಲಿ. ಅದಕ್ಕೆ ನೀರೊದಗಿಸಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದ್ದರು. ಅನಂತರ 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಎದ್ದಿತು. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವಾಟು. ಹಲವು ದಶಕಗಳ ಕಾಲ ಕನ್ನಡನಾಡಿನ ಪಟ್ಟಣಗಳ ದೀಪ, ಗಿರಣಿ, ಕಾರ್ಖಾನೆಗಳಿಗೆ ಈ ನದಿಯು ಮುಖ್ಯಾಧಾರವಾಗಿದ್ದಿತು. ಇಂತಹ ಒಂದು ಭಾಷಣವು ಮನೆಮನೆಗೆ ಕೇಳುತ್ತಿದ್ದುದೂ ಆ ಶಕ್ತಿಯ ಒಂದು ಪಾಲೇ.

ಆದರೆ ಹೊಸ ಜಲಾಶಯವು ಹಳೆಯ ಅಣೆಕಟ್ಟನ್ನೇ ನುಂಗಿಬಿಟ್ಟಿತು. ಬೇಸಗೆಯಲ್ಲಿ ನೀರು ಬಹಳವಾಗಿ ಇಳಿದಾಗ ಮಡೆನೂರಿನ ಕಟ್ಟೆ ಮತ್ತೆ ತಲೆಯೆತ್ತುತ್ತದೆ. ಜನರು ತಂಡತಂಡವಾಗಿ ಹೋಗಿ ನೋಡುತ್ತಾರೆ. ಕಟ್ಟೆಯ ಜೊತೆಯಲ್ಲಿ ಮುಳುಗಿದ ಗದ್ದೆಗಳು, ತೋಟಗಳು, ಗುಡಿಗಳು, ಹೊಳೆದಂಡೆಯ ಅಪ್ಪೆಯ ಮರಗಳು ಹಾಗೆ ಮೇಲೇಳುವುದಿಲ್ಲ. ಅಲ್ಲಿದ್ದ ಸಂಸಾರಗಳು ಹಂಡೆ, ಒರಳು, ದನಕರುಗಳೊಡನೆ ಬೇರೆ ಊರುಗಳಿಗೆ, ಕಾಡಿನ ಅಂಚುಗಳಿಗೆ ಹೋಗಿ ನೆಲಸಿದವು. ಮನೆಬಿಟ್ಟು ಅರುವತ್ತು ವರುಷ ಕಳೆದಮೇಲೂ ತಾವು ಉಳುವ ನೆಲಕ್ಕೆ ಹಕ್ಕುಪತ್ರವನ್ನು ಕಾಣದ ಮನೆತನಗಳು ಅನೇಕ. ನಾಡಿಗೆ ಬೆಳಕು ಕೊಟ್ಟ ಹಿನ್ನೀರಿನಾಚೆಯ ತುಮರಿ ಮುಂತಾದ ಊರುಗಳ ಜನರು ಸಾಗರಕ್ಕೆ ಬರಬೇಕಾದರೆ ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದರು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು 2025ರ ಜುಲೈ 14ರಂದು. ಇಂದು ಸಿಗಂದೂರಿಗೆ ಹೋಗುವ ಯಾತ್ರಿಕನು ಕೆಲವು ನಿಮಿಷಗಳಲ್ಲಿ ನೀರನ್ನು ದಾಟುತ್ತಾನೆ. ದಾಟುವಾಗ ಒಮ್ಮೆ ಕೆಳಗೆ ನೋಡುವುದು ಒಳ್ಳೆಯದು.

ಶನಿವಾರದ ಸಂಜೆಗೆ ಸಾಗರದ ಹತ್ತಿರದ ಹೆಗ್ಗೋಡು ಯೋಗ್ಯವಾದ ಸ್ಥಳ. ಕೆ. ವಿ. ಸುಬ್ಬಣ್ಣನವರೂ ಅವರ ಗೆಳೆಯರೂ 1949ರಲ್ಲಿ ಸ್ಥಾಪಿಸಿದ ನೀನಾಸಂ, ಒಂದು ಚಿಕ್ಕ ಹಳ್ಳಿಯಲ್ಲಿ ಲೋಕದ ನಾಟಕಗಳನ್ನೆಲ್ಲ ಆಡಿ ತೋರಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಪ್ರಯೋಗವಿರುವ ದಿನವಾದರೆ ನಾಟಕವನ್ನು ನೋಡಿಯೇ ಮಲಗತಕ್ಕುದು.

ಇದೇ ತಾಲ್ಲೂಕಿನ ಕಾಗೋಡನ್ನು ನೆನೆಯದೆ ಮುಂದಕ್ಕೆ ಹೋಗುವುದು ಉಂಡ ಅನ್ನಕ್ಕೆ ತಕ್ಕುದಲ್ಲ. ಒಕ್ಕಲು ಗೇಣಿಯ ಬತ್ತವನ್ನು ಅಳೆದುಕೊಡುವಾಗ ಕೊಳಗದ ಅಳತೆ ಎಷ್ಟಿರಬೇಕೆಂಬ ಪ್ರಶ್ನೆಯಿಂದ 1951ರಲ್ಲಿ ಅಲ್ಲಿ ರೈತರ ಸತ್ಯಾಗ್ರಹ ಹೊತ್ತಿತು. ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದರು. ಮುಂದೆ ಉಳುವವನಿಗೇ ಹೊಲವಾಗಬೇಕೆಂಬ ಕೂಗಿಗೆ ಈ ಹಳ್ಳಿಯ ಹೆಸರು ಬೆಸೆದುಕೊಂಡಿತು. ಈ ಹೋರಾಟದಲ್ಲಿ ಮುಂದಾಗಿದ್ದ ದೀವರ ಸಮಾಜದವರು ಶೀಗೆ ಹುಣ್ಣಿಮೆಯಂದು ಭೂಮಿಹುಣ್ಣಿಮೆಯನ್ನು ಆಚರಿಸುತ್ತಾರೆ. ಹೊಡೆಬಂದ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಹೆಂಗಸರು ಕೆಮ್ಮಣ್ಣು ಅಕ್ಕಿಹಿಟ್ಟುಗಳಿಂದ ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಸೊಪ್ಪುಗಳ ಅಡುಗೆಯನ್ನು ಒಯ್ದು, ನಸುಕಿನಲ್ಲಿ ಹೊಲಕ್ಕೆ ಚೆಲ್ಲಿ ಬಯಕೆ ತೀರಿಸುತ್ತಾರೆ. ನಮಗೆ ಉಣಿಸುವ ನೆಲಕ್ಕೆ ನಾವು ಮೊದಲು ಉಣಿಸಬೇಕೆಂಬ ಈ ಸೌಜನ್ಯವು ಯಾವ ಶಾಸ್ತ್ರಕ್ಕೂ ಕಡಮೆಯಲ್ಲ.

ಭಾನುವಾರ ಬೆಳಗ್ಗೆ ಹೊಸನಗರದ ಹಾದಿ. ಉಪಾಹಾರಕ್ಕೆ ಅಕ್ಕಿರೊಟ್ಟಿಯನ್ನು ಕೇಳಬೇಕು. ಬಯಲುಸೀಮೆಯವರು ಹಸಿ ಹಿಟ್ಟಿಗೆ ಈರುಳ್ಳಿ ಸಬ್ಬಸಿಗೆ ಸೇರಿಸಿ ಬಾಂಡಲೆಗೆ ತಟ್ಟುವುದುಂಟು. ಇಲ್ಲಿಯ ರೊಟ್ಟಿ ಅದಲ್ಲ. ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿ, ನಾದಿ, ತೆಳ್ಳಗೆ ತಟ್ಟಿ, ಹೆಂಚಿನ ಮೇಲೆ ಹಾಕಿ, ಕೆಂಡದಲ್ಲಿ ಉಬ್ಬಿಸಿದ ಬಿಳಿಯ ರೊಟ್ಟಿ. ಬೆಣ್ಣೆ, ಜೋನಿಬೆಲ್ಲ, ಕಾಯಿಚಟ್ನಿ, ಯಾವುದರೊಡನೆಯೂ ಹೊಂದುತ್ತದೆ.

ಹೊಸನಗರದಿಂದ ನಗರಕ್ಕೆ ಹೋಗಬೇಕು. ನಗರವೆಂದರೆ ಹಿಂದಿನ ಬಿದನೂರು. 1639ರ ಸುಮಾರಿನಿಂದ ಕೆಳದಿಯವರ ಕಡೆಯ ರಾಜಧಾನಿ. ಭೂಮಿಯ ಗುಣವನ್ನು ನೋಡಿ ಕಂದಾಯವನ್ನು ಗೊತ್ತುಮಾಡಿದ ಶಿವಪ್ಪನಾಯಕನ “ಶಿಸ್ತು” ಇಲ್ಲಿಂದ ಹೊರಟಿತು. ನಿನ್ನೆಯ ಕೊಳಗದ ಕಥೆಯನ್ನು ಕೇಳಿದವರಿಗೆ, ಅಳತೆ ನ್ಯಾಯವಾಗಿರಬೇಕೆಂಬ ಚಿಂತೆ ಈ ಸೀಮೆಯಲ್ಲಿ ಎಷ್ಟು ಹಳೆಯದೆಂಬುದು ಹೊಳೆಯುತ್ತದೆ. ಚೆನ್ನಮ್ಮಾಜಿಯು 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಬೆನ್ನಟ್ಟಿ ಬರುತ್ತಿದ್ದುದು ಔರಂಗಜೇಬನ ಸೈನ್ಯವೆಂದು ಆಕೆಗೆ ಗೊತ್ತಿದ್ದಿತು. ಬಂದವನನ್ನು ಉಪಚರಿಸಿ ಸುರಕ್ಷಿತವಾಗಿ ಮುಂದಕ್ಕೆ ಕಳುಹಿಸಿ, ಮೊಗಲರ ಸೈನ್ಯವನ್ನು ಎದುರಿಸಿದಳು. “ಆಸರಿಗೇನು ಬೇಕು” ಎಂಬ ಮನೆಮಾತು ರಾಜನೀತಿಯಾದುದಕ್ಕೆ ಇದು ನಿದರ್ಶನ. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು, ಸಂಸ್ಥಾನ ಮುಗಿಯಿತು. ಇಂದು ಕೋಟೆಯ ಬುರುಜುಗಳ ಮೇಲೆ ಹಾವಸೆ ಬೆಳೆದಿದೆ. ಸಮೀಪದ ದೇವಗಂಗೆಯ ಕಲ್ಲಿನ ಕೊಳಗಳಲ್ಲಿ ಮಾತ್ರ ಬೆಟ್ಟದ ನೀರು ಹಿಂದಿನಂತೆಯೇ ಬಂದು ತುಂಬುತ್ತದೆ.

ಕೊಡಚಾದ್ರಿಯನ್ನು ಈ ಸಾರಿ ದೂರದಿಂದಲೇ ನೋಡಿ ಕೈಮುಗಿಯತಕ್ಕುದು. ಅದಕ್ಕೆ ಬೇರೊಂದು ದಿನವೇ ಬೇಕು. ಹೊಂಬುಜದ ಪಂಚಕೂಟ ಬಸದಿಯನ್ನಾದರೋ ದಾರಿಯಲ್ಲಿ ನೋಡಬಹುದು. ಸಾಂತರರ ಕಾಲದಲ್ಲಿ, 1077ರಲ್ಲಿ, ಚಟ್ಟಲದೇವಿಯು ಕಟ್ಟಿಸಿದುದು ಇದು.

ಮಧ್ಯಾಹ್ನದ ಹೊತ್ತಿಗೆ ತೀರ್ಥಹಳ್ಳಿ. ಇಲ್ಲಿ ಶರಾವತಿಯ ಸೀಮೆಯನ್ನು ಬಿಟ್ಟು ತುಂಗೆಯ ದಡಕ್ಕೆ ಬಂದೆವು. ಆದರೂ ಶರಾವತಿ ಹುಟ್ಟುವ ಅಂಬುತೀರ್ಥ ಇದೇ ತಾಲ್ಲೂಕಿನಲ್ಲಿದೆ. ನಿನ್ನೆ ಜೋಗದಲ್ಲಿ ಗರ್ಜಿಸಿದ ನದಿಯನ್ನು ಇಲ್ಲಿ ಬೊಗಸೆಯಲ್ಲಿ ಹಿಡಿಯಬಹುದು. ತೀರ್ಥಹಳ್ಳಿಯ ಹೊಳೆಯ ಬಂಡೆಗಳ ನಡುವೆ, ಪರಶುರಾಮನು ತನ್ನ ಕೊಡಲಿಯ ಕಲೆಯನ್ನು ತೊಳೆದುಕೊಂಡನೆಂಬ ತೀರ್ಥದಲ್ಲಿ, ಎಳ್ಳಮಾವಾಸ್ಯೆಯ ದಿನ ಸಾವಿರಾರು ಜನ ಮೀಯುತ್ತಾರೆ.

ಇಲ್ಲಿಯ ಊಟದ ಹೆಸರು ಕಡುಬು. ಅಕ್ಕಿತರಿಯನ್ನು ಬೇಯಿಸಿ, ಉಂಡೆಕಟ್ಟಿ, ಹಬೆಯಲ್ಲಿ ಮತ್ತೊಮ್ಮೆ ಬೇಯಿಸಿದುದು. ಮಾಂಸಾಹಾರಿಗಳಿಗೆ ಕೋಳಿಯ ಸಾರು, ಮಳೆಗಾಲದಲ್ಲಿ ಏಡಿಯ ಸಾರು, ಹೊಳೆಯ ಮೀನು. ಉಳಿದವರಿಗೆ ಕಳಲೆಯ ಪಲ್ಯ, ಕೆಸುವಿನೆಲೆಯ ಪತ್ರೊಡೆ, ಅಣಬೆ. ಕಳಲೆಯೆಂದರೆ ಬಿದಿರಿನ ಎಳೆಯ ಮೊಳಕೆ. ಹೆಚ್ಚಿ, ನೀರನ್ನು ಬದಲಿಸುತ್ತ ಎರಡು ಮೂರು ದಿನ ನೆನೆಯಿಸದಿದ್ದರೆ ಅದು ಹೊಟ್ಟೆಗೆ ಹಿತವಲ್ಲ. ಕೆಸುವಿನೆಲೆಗೆ ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ನಾಲ್ಕು ತಿಂಗಳು ಹೊರಗೆ ಕಾಲಿಡಲಾಗದಂತೆ ಮಳೆ ಹೊಯ್ಯುತ್ತಿದ್ದಾಗ, ಸಂತೆಗೆ ಹೋಗಲಾರದ ಮನೆಯವರು ಬೇಲಿಯಾಚೆಯ ತುರಿಸುವ ಎಲೆಯನ್ನೂ ಕಹಿಯ ಮೊಳಕೆಯನ್ನೂ ಪಳಗಿಸಿದರು. ಹಲಸಿನ ಹಪ್ಪಳ, ಉಪ್ಪಿನಲ್ಲಿಟ್ಟ ಸೊಳೆ, ಮಿಡಿಯ ಜಾಡಿಗಳೆಲ್ಲ ಬೇಸಗೆಯು ಮಳೆಗಾಲಕ್ಕೆ ಬರೆದಿಟ್ಟ ಉಯಿಲುಗಳು. ನಾವು ವಿಶೇಷವೆಂದು ಚಪ್ಪರಿಸುವುದರ ಹಿಂದೆ ಎಷ್ಟೋ ಹೆಂಗಸರ ಎಷ್ಟೋ ತಲೆಮಾರಿನ ವಿವೇಕವಿದೆ. ಇದೇ ತುಂಗೆಯಲ್ಲಿ ಚಿಬ್ಬಲಗುಡ್ಡೆಯೆಂಬ ಕಡೆ, ದೇವರ ಮೀನೆಂದು ಯಾರೂ ಮುಟ್ಟದ ದೊಡ್ಡ ಮೀನುಗಳು ಮೆಟ್ಟಿಲ ಬಳಿಗೇ ಬರುತ್ತವೆ. ತಿನ್ನುವುದನ್ನು ಬಲ್ಲ ಜನ, ಎಲ್ಲಿ ತಿನ್ನಬಾರದೆಂಬುದನ್ನೂ ಬಲ್ಲರು.

ಸಂಜೆ ಕುಪ್ಪಳಿ. ಕುವೆಂಪು ಅವರು ಬೆಳೆದ ಮನೆ ಇಂದು ಕವಿಮನೆಯೆಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿದೆ. ಹಳೆಯ ಮಲೆನಾಡಿನ ಅಡುಗೆಮನೆ, ಪಾತ್ರೆ, ಒರಳುಗಳನ್ನು ಅಲ್ಲಿ ನೋಡಬಹುದು. ಮೇಲಿನ ಕವಿಶೈಲದಲ್ಲಿ, 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯಿದೆ. ಅಲ್ಲಿ ಕುಳಿತು ಕಾಡಿನ ಮೇಲೆ ಬೆಳಕು ಇಳಿಯುವುದನ್ನು ನೋಡಿ, ತುಂಗೆಯ ಪಕ್ಕದ ರಸ್ತೆಯಲ್ಲಿ ಶಿವಮೊಗ್ಗೆಗೆ ಬಂದರೆ ರಾತ್ರಿಯ ರೈಲು ಸಿಕ್ಕುತ್ತದೆ.

ಕಡೆಯದಾಗಿ ಒಂದು ಮಾತು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಚನೆ ಹೊರಟಾಗ ಮಲೆನಾಡಿನವರು ಒಟ್ಟಾಗಿ ವಿರೋಧಿಸಿದರು. ಬಾಯಾರಿದ ನಗರಕ್ಕೆ ಇವರು ಒಂದು ಲೋಟ ನೀರು ಕೊಡಲಾರರೆ ಎಂದು ನಮ್ಮಲ್ಲಿ ಕೆಲವರು ಕೇಳಿದುದುಂಟು. ಅಪರಿಚಿತನ ಬಾಯಾರಿಕೆಯನ್ನು ಹೊಸಿಲಿನಲ್ಲಿಯೇ ವಿಚಾರಿಸುವ ಜನರನ್ನು ಕುರಿತು ಕೇಳತಕ್ಕ ಪ್ರಶ್ನೆ ಅದಲ್ಲ. ಒಮ್ಮೆ ಗದ್ದೆ ತೋಟಗಳನ್ನು ಕೊಟ್ಟವರು ಎರಡನೆಯ ಸಲ ಏನನ್ನು ಕೊಡಬೇಕಾಗುವುದೆಂದು ಅಂಜಿದರೆ ಅದು ಜಿಪುಣತನವಲ್ಲ. ಇಂತಹ ವಿಷಯಗಳಲ್ಲಿ ಅಭಿಪ್ರಾಯ ಹೇಳುವುದಕ್ಕೆ ಮೊದಲು ನಗರದವರು ಆ ಸೀಮೆಯನ್ನು ಕಂಡಿರಬೇಕು, ಆ ಎಲೆಯಲ್ಲಿ ಉಂಡಿರಬೇಕು.

ಆದುದರಿಂದ ಹೋಗಿ ಬನ್ನಿ. ಮಳೆಗಾಲದಲ್ಲಿಯೇ ಹೋಗಿ, ಕೊಡೆಯನ್ನು ಮರೆಯಬೇಡಿ, ಇಂಬಳಕ್ಕೆ ಹೆದರಬೇಡಿ. ಎಲೆಯಲ್ಲಿ ಬಡಿಸಿದುದನ್ನು ಬಿಡಬೇಡಿ. ಹೊಳೆಯ ದಡದಲ್ಲಿ ತಂದುದನ್ನು ಬಿಟ್ಟುಬರಬೇಡಿ. ಮರಳುವಾಗ ಚೀಲದಲ್ಲಿ ಒಂದು ಮಿಡಿಯ ಜಾಡಿಯಿರಲಿ. ವರುಷವಿಡೀ ಪ್ರತಿದಿನವೂ ಒಂದೊಂದು ಮಿಡಿ ನಿಮಗೆ ಆ ಹೊಳೆಯ ಸಮಾಚಾರವನ್ನು ಹೇಳುತ್ತಿರುವುದು.